ಶನಿವಾರ ಬಿಟ್ಟ ಅರ್ಧ ಪಾಠ

ಅಪ್ಪಾಜಿ ಮೇಷ್ಟ್ರಿಗೆ ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ, ನಶ್ಯದ ಡಬ್ಬಿ ಕೂಡ ಇರಲಿಲ್ಲ. ಇದ್ದದ್ದು ಒಂದೇ ಚಪಲ, ಬಸ್ಸಿನ ಮುಂದಿನ ಸೀಟು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೊರಟಾಗ ಡ್ರೈವರ್ ಪಕ್ಕದ ಆ ಸೀಟಿನಲ್ಲಿ ಕಾಲು ಚಾಚಿ ಕೂತರೆ ಅವರಿಗೆ ವಾರದ ದಣಿವೆಲ್ಲ ಇಳಿಯುತ್ತಿತ್ತು. ಕಂಡಕ್ಟರ್ ಮಂಚಯ್ಯ ಅವರಿಗಾಗಿ ಅದರ ಮೇಲೆ ತನ್ನ ಟವಲ್ ಹಾಸಿ ಕಾದಿಡುತ್ತಿದ್ದ. ಆದರೆ ಕಾಯುವುದಕ್ಕೂ ಒಂದು ಮಿತಿ ಅಂತ ಇರುತ್ತದಲ್ಲ. ಗಂಟೆ ಹೊಡೆದ ಮೇಲೆ ಹೊರಟರೆ ಟವಲ್ ಮಂಚಯ್ಯನ ಹೆಗಲಿಗೆ ವಾಪಸ್ ಹೋಗಿ, ಸೀಟಿನಲ್ಲಿ ಯಾವನೋ ತೆಂಗಿನಕಾಯಿ ಸಾಹುಕಾರ ವಿರಾಜಮಾನನಾಗಿರುತ್ತಿದ್ದ. ಹಾಗಾಗಿ ಶನಿವಾರದ ಕೊನೆಯ ಪೀರಿಯಡ್ಡು ಮೇಷ್ಟ್ರ ಕೈಯಲ್ಲಿ ಯಾವಾಗಲೂ ಒಂದಿಷ್ಟು ಮೊಟಕಾಗುತ್ತಿತ್ತು.

ಇಂಥ ಚಪಲಕ್ಕೆ ಯಾರು ಏನನ್ನುತ್ತಾರೆ? ಯಾರೂ ಏನೂ ಅನ್ನಲಿಲ್ಲ. ಹಾಗೆ ನೋಡಿದರೆ ಅವರು ಒಳ್ಳೆಯ ಮೇಷ್ಟ್ರೇ. ಹೊಳೆನರಸೀಪುರದಲ್ಲಿ ತಲೆತಲಾಂತರದಿಂದ ಪೌರೋಹಿತ್ಯ ಮಾಡಿಕೊಂಡು ಬಂದ ಮನೆ. ಅದನ್ನು ಬಿಟ್ಟು ಮೈಸೂರಿಗೆ ಹೋಗಿ ಬಿ.ಎಸ್ಸಿ. ಓದಿ ಬಂದವರು ಇವರೊಬ್ಬರು. ತಾಯಿ ಗೋದಮ್ಮ, ಹೆಂಡತಿ ಮಕ್ಕಳು ಎಲ್ಲ ಆ ಮನೆಯಲ್ಲಿ. ಮೇಷ್ಟ್ರು ಮಾತ್ರ ಚನ್ನರಾಯಪಟ್ಟಣದಲ್ಲಿ ಒಂದು ಕೋಣೆ ಹಿಡಿದು, ಊರಂಚಿನ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದರು. ಹಳ್ಳಿಯಿಂದ ನಡೆದು ಬರುವ ಮಕ್ಕಳಿಗೆ ಅರ್ಥವಾಗುವ ಹಾಗೆ ಉಪಮಾನ ಹುಡುಕುವುದರಲ್ಲಿ ಅವರದ್ದು ಎತ್ತಿದ ಕೈ.

ಸಾವಿರದ ಒಂಬೈನೂರ ಅರವತ್ತೊಂದು, ಮಳೆಗಾಲ. ಪಾವು ಸೇರು ಹೋಗಿ ಲೀಟರು ಕಿಲೋ ಬಂದ ಹೊಸತು. ಲೀಟರು ಅಂದರೆ ಎಷ್ಟು ಅಂತ ಅಂಗಡಿಯವರಿಗೇ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಅಂಥದ್ದರಲ್ಲಿ ಆ ಶನಿವಾರ ಮೇಷ್ಟ್ರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೋರ್ಡಿನ ಮೇಲೆ ದಪ್ಪಗೆ ‘೨೨.೪ ಲೀಟರ್’ ಎಂದು ಬರೆದರು.

‘ಮೋಲ್ ಅಂದರೆ ನಿನ್ನೆ ಹೇಳಿದ್ದೀನಿ, ಡಜನ್ ಇದ್ದ ಹಾಗೆ ಒಂದು ಎಣಿಕೆ. ಡಜನ್ನಿಗೆ ಹನ್ನೆರಡು, ಇದಕ್ಕೆ ಜನ್ಮವೆಲ್ಲ ಎಣಿಸಿದರೂ ಮುಗಿಯದಷ್ಟು. ಯಾವ ಅನಿಲವಾದರೂ ಸರಿ, ಅದರ ಒಂದು ಮೋಲ್ ಅಣುಗಳಿಗೆ ಬೇಕಾದ ಜಾಗ ಎಷ್ಟು? ಸೊನ್ನೆ ಡಿಗ್ರಿ ಉಷ್ಣತೆ, ಮಾಮೂಲಿ ಒತ್ತಡ, ಇದಿಷ್ಟು ಇದ್ದರೆ ಇಪ್ಪತ್ತೆರಡು ಪಾಯಿಂಟ್ ನಾಲ್ಕು ಲೀಟರು. ಸೀಮೆಎಣ್ಣೆ ಡಬ್ಬ ನೋಡಿದ್ದೀರಲ್ಲ? ಒಂದು ಡಬ್ಬ, ಅದರ ಮೇಲೆ ಇನ್ನೊಂದು ಕಾಲು ಡಬ್ಬ. ಜಲಜನಕಕ್ಕೂ ಅಷ್ಟೇ ಜಾಗ, ಆಮ್ಲಜನಕಕ್ಕೂ ಅಷ್ಟೇ, ಇಂಗಾಲದ ಡೈಆಕ್ಸೈಡಿಗೂ ಅಷ್ಟೇ. ಅನಿಲಗಳಲ್ಲಿ ಪಂಕ್ತಿಭೇದ ಇಲ್ಲ!’

ಮಕ್ಕಳು ನಕ್ಕರು. ಪಾಠದ ಒಂದು ಅರ್ಧ ಅಲ್ಲಿಗೆ ಮುಗಿದಿತ್ತು. ಇನ್ನೊಂದು ಅರ್ಧ ತೂಕದ್ದು. ಜಾಗ ಒಂದೇ ಆದರೂ ತೂಕ ಬೇರೆ ಬೇರೆ. ಅದೇ ಒಂದೂಕಾಲು ಡಬ್ಬದ ಜಲಜನಕ ಎರಡೇ ಗ್ರಾಂ ತೂಗುತ್ತದೆ, ಇಂಗಾಲದ ಡೈಆಕ್ಸೈಡು ನಲವತ್ತನಾಲ್ಕು. ಅದನ್ನು ಹೇಳಬೇಕು ಅಂತ ಮೇಷ್ಟ್ರು ಸೀಮೆಸುಣ್ಣ ಎತ್ತಿದವರು, ಗಡಿಯಾರ ನೋಡಿ ಕೆಳಗಿಟ್ಟರು. ಕೊಡೆ ಕಂಕುಳಿಗೆ ಬಂತು.

ಆಗ ಮುಂದಿನ ಬೆಂಚಿನಿಂದ ಮಲ್ಲಿಗಮ್ಮ ಎದ್ದು ನಿಂತಳು. ಕಗ್ಗಲಿಕೊಪ್ಪಲಿನ ಲಕ್ಕಯ್ಯನ ಮಗಳು, ದಿನಾ ಹೊಲದ ಬದುಗಳ ಮೇಲೆ ನಡೆದು ಸ್ಕೂಲಿಗೆ ಬರುವವಳು. ಆ ಊರಿನಿಂದ ಹೈಸ್ಕೂಲು ಮೆಟ್ಟಿಲು ಹತ್ತಿದ ಹೆಣ್ಣುಮಗಳು ಅವಳೊಬ್ಬಳೇ. ಪಾಠ ಕೇಳುತ್ತಾ ಕೇಳುತ್ತಾ ಅದನ್ನು ತನ್ನ ಮನೆಯ ಸಾಮಾನಿಗೆ ತಾಳೆ ಹಾಕಿ ನೋಡುವ ಬುದ್ಧಿ ಅವಳದು.

‘ಸಾ, ಹಗೇವಿನೊಳಗೆ ಇರೋ ಗಾಳಿಗೂ ಹಂಗೇನಾ ಸಾ? ಅದೂ ಹೊರಗಿನ ಗಾಳಿನೂ ಒಂದೇನಾ?’

ಹಗೇವು ಅಂದರೆ ನೆಲದೊಳಗಿನ ರಾಗಿಯ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ದೊಡ್ಡ ಗುಡಾಣದಷ್ಟು ಅಗಲ. ಸುಗ್ಗಿಯಲ್ಲಿ ರಾಗಿ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ದಿನ ಮಾತ್ರ ಮೊದಲು ಹಗ್ಗದಲ್ಲಿ ದೀಪ ಇಳಿಬಿಡಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಕಾಯಬೇಕು. ಇದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಅಪ್ಪಾಜಿ ಮೇಷ್ಟ್ರಿಗೂ ಗೊತ್ತು. ಅಷ್ಟೇ ಅಲ್ಲ, ದೀಪ ಯಾಕೆ ಆರುತ್ತದೆ ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ.

‘ಎಲ್ಲಾ ಗಾಳಿನೂ ಒಂದೇ ಕಣಮ್ಮ,’ ಅಂದರು ಮೇಷ್ಟ್ರು, ಒಂದು ಕಾಲು ಹೊಸಿಲಾಚೆ ಇಟ್ಟು. ‘ಮುಚ್ಚಳ ತೆಗೆದರೆ ಒಳಗಿನದು ಹೊರಕ್ಕೆ, ಹೊರಗಿನದು ಒಳಕ್ಕೆ. ಅನಿಲ ಅಂದಮೇಲೆ ಹರಡಿಕೊಳ್ಳುತ್ತೆ. ಕೂತ್ಕೋ. ಮಿಕ್ಕಿದ್ದು ಸೋಮವಾರ.’

ಮುಂದಿನ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಒಳ್ಳೇ ಗಾಳಿ.

ಭಾನುವಾರ ಬೆಳಿಗ್ಗೆ ಕಗ್ಗಲಿಕೊಪ್ಪಲಿನಲ್ಲಿ ಲಕ್ಕಯ್ಯ ಹಗೇವು ತೆಗೆದ. ಮಣ್ಣು ಸರಿಸಿ, ಚಪ್ಪಡಿ ಎತ್ತಿ, ಹೆಂಡತಿ ಬೆಟ್ಟಮ್ಮನ ಕೈಯಿಂದ ಸೊಂಟಕ್ಕೆ ಹಗ್ಗ ಬಿಗಿಸಿಕೊಂಡ. ಸೀಮೆಎಣ್ಣೆ ಬುಡ್ಡಿ ಹಚ್ಚಿ ಕೈಯಲ್ಲಿ ಹಿಡಿದಿದ್ದ. ಕೈ ಜೋಡಿಸಲು ಬಂದ ನೆರೆಯವರು ಸುತ್ತ ನಿಂತಿದ್ದರು. ನಾಲ್ಕು ಜನ ಇದ್ದ ಕಡೆ ಮಗಳನ್ನು ಮಾತಾಡಿಸದೆ ಇರುವುದು ಲಕ್ಕಯ್ಯನಿಗೆ ಆಗದ ಕೆಲಸ.

‘ಏನಮ್ಮಿ, ಇಸ್ಕೂಲಲ್ಲಿ ಅಗೇವಿನ ಇಸ್ಯ ಏನಾರ ಯೋಳ್ಕೊಟ್ಟವ್ರಾ?’

‘ಹೂಂ ಕಣಪ್ಪ. ಎಲ್ಲಾ ಗಾಳಿನೂ ಒಂದೇ ಅಂತೆ. ಮುಚ್ಚಳ ತೆಗೆದ್ರೆ ಒಳಗಿಂದು ಹೊರಕ್ಕೆ, ಹೊರಗಿಂದು ಒಳಕ್ಕೆ ಹೋಯ್ತದಂತೆ.’

‘ಕೇಳುದ್ರೇನ್ರಲಾ!’ ಅಂದ ಲಕ್ಕಯ್ಯ ಸುತ್ತ ನಿಂತವರಿಗೆ. ‘ನಾವು ಇಷ್ಟು ದಿನ ದೀಪ ಇಳಿಬುಟ್ಕಂಡು ಕಾಯ್ತಾ ಕೂತಿದ್ವಿ. ಓದ್ದೋರ ಮನೇಲಿ ಇವೆಲ್ಲ ಯಾಕ್ಲಾ?’ ಬುಡ್ಡಿಯನ್ನು ಉಫ್ ಎಂದು ಊದಿ ಆರಿಸಿ, ಕಲ್ಲಿನ ಮೇಲಿಟ್ಟು ಇಳಿದ.

ಮೊರ ತುಂಬಲು ಬಗ್ಗಿದವನು ಮತ್ತೆ ಕೂಗಿಗೆ ಓಗೊಡಲಿಲ್ಲ. ಹಗ್ಗ ಇತ್ತಾಗಿ ಎಳೆದರು, ಆದರೆ ಎಚ್ಚರ ತಪ್ಪಿದ ಮೈ ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಂಡು ಮೇಲಕ್ಕೆ ಬರಲು ಹೊತ್ತು ಹಿಡಿಯಿತು. ಗಾಡಿಯಲ್ಲಿ ಪಟ್ಟಣಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಹಾಸನದ ಆಸ್ಪತ್ರೆಗೆ. ಜೀವ ಉಳಿಯಿತು.

ಇದೊಂದೂ ಗೊತ್ತಿಲ್ಲದೆ ಸೋಮವಾರ ಅಪ್ಪಾಜಿ ಮೇಷ್ಟ್ರು ಉತ್ಸಾಹದಿಂದ ಕ್ಲಾಸಿಗೆ ಬಂದರು. ಮಲ್ಲಿಗಮ್ಮನ ಜಾಗ ಖಾಲಿ ಇದ್ದದ್ದನ್ನು ಕಂಡರೂ ಲಕ್ಷ್ಯ ಕೊಡಲಿಲ್ಲ. ೨, ೩೨, ೪೪ ಎಂದು ಒಂದರ ಕೆಳಗೊಂದು ಬರೆದರು. ‘ನಾವು ಉಸಿರಾಡೋ ಗಾಳಿ, ಎಲ್ಲ ಬೆರಕೆ ಸೇರಿ, ಅಷ್ಟೇ ಜಾಗಕ್ಕೆ ಸುಮಾರು ಇಪ್ಪತ್ತೊಂಬತ್ತು ಗ್ರಾಂ. ಇಂಗಾಲದ ಡೈಆಕ್ಸೈಡು ನಲವತ್ತನಾಲ್ಕು. ಅಂದರೆ ಒಂದೂವರೆ ಪಟ್ಟು ಭಾರ. ಭಾರವಾದ್ದು ಎಲ್ಲಿ ಹೋಗುತ್ತೆ? ಹಳ್ಳ ಸಿಕ್ಕಿದರೆ ತಳದಲ್ಲಿ ಕೂರುತ್ತೆ. ಅಲುಗಾಡಿಸೋರು ಇಲ್ಲದಿದ್ದರೆ ಸುಲಭಕ್ಕೆ ಏಳೋದಿಲ್ಲ. ಅದಕ್ಕೇ ನೋಡಿ, ಹಾಳುಬಾವಿ, ಹಗೇವು...’

‘ಸಾ,’ ಅಂದ ಹಿಂದಿನ ಬೆಂಚಿನ ಪಾಲಾಕ್ಷ. ಅವನೂ ಕಗ್ಗಲಿಕೊಪ್ಪಲಿನವನೇ. ‘ಮಲ್ಲಿಗಮ್ಮನ ಅಪ್ಪ ನೆನ್ನೆ ಹಗೇವಿಗೆ ಇಳಿದು ಗ್ಯಾನ ತಪ್ಪಿ ಬಿದ್ದವ್ರೆ ಸಾ. ದೀಪ ಬುಡ್ಲಿಲ್ವಂತೆ.’

ಮೇಷ್ಟ್ರ ಕೈ ನಲವತ್ತನಾಲ್ಕರ ಮೇಲೆಯೇ ಇತ್ತು. ಹೊಸಿಲಾಚೆ ಒಂದು ಕಾಲಿಟ್ಟು ತಾನು ಆಡಿದ ಮಾತು ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅಂತ ಗೋದಮ್ಮ ಮನೆಯಲ್ಲಿ ಮೊಮ್ಮಕ್ಕಳಿಗೆ ಹೇಳುತ್ತಿದ್ದದ್ದು ಆವತ್ತು ಅವರಿಗೆ ಅರ್ಥವಾಯಿತು. ಬೋರ್ಡು ಒರೆಸಿ, ತಲೆನೋವು ಎಂದು ಹೇಳಿ ಹೊರಗೆ ಹೋದರು.

ಸ್ಟಾಫ್ ರೂಮಿನಲ್ಲಿ ಹೆಡ್‌ಮೇಷ್ಟ್ರು, ‘ನಿಮ್ಮ ಕ್ಲಾಸಿನ ಹುಡುಗಿ ತಂದೆಗೆ ಹೀಗಾಯಿತಂತಲ್ಲ, ಪಾಪ,’ ಅಂದರು. ‘ಆ ಪಾಠ ನಾನಿನ್ನೂ ಪೂರ್ತಿ ಮಾಡಿರಲಿಲ್ಲ ಸಾರ್,’ ಅಂದುಬಿಟ್ಟರು ಅಪ್ಪಾಜಿ. ಹೆಡ್‌ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಯಾವ ಪಾಠ ಅಂತ ಅವರು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಹಾಸನಕ್ಕೆ ಹೋಗಿ ನೋಡಿಕೊಂಡು ಬರಬೇಕು ಅನ್ನಿಸಿತು. ಒಂದು ವಾರ ಪರೀಕ್ಷೆಯ ನೆಪ, ಇನ್ನೊಂದು ವಾರ ಗೌರಿಹಬ್ಬ. ಆಮೇಲೆ ಮನೆಗೆ ಕರೆತಂದರಂತೆ ಎಂಬ ಸುದ್ದಿ ಬಂತು. ಕಗ್ಗಲಿಕೊಪ್ಪಲಿಗಾದರೂ ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಹೋದರೆ ಆ ಹುಡುಗಿ ಎಲ್ಲರೆದುರು, ‘ನೀವೇ ಹೇಳಿದ್ರಲ್ಲ ಸಾ’ ಅಂದುಬಿಟ್ಟರೆ? ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತ ಬದುಕುವವರ ಪೈಕಿ ತಾನೂ ಒಬ್ಬ ಎಂದು ಅವರಿಗೆ ಮೊದಲ ಸಲ ಗೊತ್ತಾಯಿತು. ಗೊತ್ತಾದದ್ದು ಹಿಡಿಸಲಿಲ್ಲ. ಆದರೂ ಹೋಗಲಿಲ್ಲ.

ಮಲ್ಲಿಗಮ್ಮ ಸ್ಕೂಲಿಗೆ ಬರಲೇ ಇಲ್ಲ. ಅವಳ ಹಾಜರಿ ಕರೆಯುವಾಗ ಮೇಷ್ಟ್ರು ಹೆಸರು ನುಂಗಿ ಮುಂದಕ್ಕೆ ಹೋಗುತ್ತಿದ್ದರು.

ತಾವು ಹೋಗದಿದ್ದರೇನಂತೆ, ಲಕ್ಕಯ್ಯನೇ ಬಂದ. ಕಾರ್ತಿಕದ ಹೊತ್ತಿಗೆ ಬೆಟ್ಟಮ್ಮ ಶನಿವಾರ ಶನಿವಾರ ಬಸ್‌ಸ್ಟ್ಯಾಂಡಿನ ಪಕ್ಕದ ಹುಣಸೇಮರದ ಕೆಳಗೆ ಸೊಪ್ಪು, ತರಕಾರಿ ಹಾಕಿಕೊಂಡು ಕೂರತೊಡಗಿದಳು. ಗಂಡನನ್ನು ಮನೆಯಲ್ಲಿ ಒಬ್ಬನನ್ನೇ ಬಿಡುವ ಹಾಗಿರಲಿಲ್ಲ, ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮಂಚಯ್ಯನ ಬಸ್ಸಿಗೆ ಹೋಗಬೇಕಾದರೆ ಆ ಮರದ ಕೆಳಗೇ ಹಾಯಬೇಕು.

‘ನಮಸ್ಕಾರ ಸಾ!’ ಅಂದ ಲಕ್ಕಯ್ಯ ಮೊದಲ ಸಲ ಕಂಡಾಗ. ಮುಖ ಅರಳಿತ್ತು. ಮೈ ಇಳಿದಿತ್ತು, ಮಾತು ನಿಧಾನ, ಕೈ ಸಣ್ಣಗೆ ನಡುಗುತ್ತಿತ್ತು. ‘ಎಂಗೆ ಓದ್ತಾವ್ಳೆ ಸಾ ನಮ್ ಉಡ್ಗಿ?’

ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ಬೆಟ್ಟಮ್ಮನ ಮುಖ ನೋಡಿದರು. ಬೆಟ್ಟಮ್ಮ ಗಂಡನ ಬೆನ್ನ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡಳು. ಆಮೇಲೆ ಅವಳು ಹೇಳಿದಂತೆ, ಹಗೇವಿಗೆ ಇಳಿಯುವ ತನಕದ್ದೆಲ್ಲ ಲಕ್ಕಯ್ಯನಿಗೆ ನೆನಪಿತ್ತು. ಮದುವೆ ನೆನಪಿತ್ತು, ಎತ್ತುಗಳ ಹೆಸರು ನೆನಪಿತ್ತು, ಮಗಳನ್ನು ಹೈಸ್ಕೂಲಿಗೆ ಸೇರಿಸಿದ್ದು ನೆನಪಿತ್ತು. ಅಲ್ಲಿಂದ ಈಚಿನದು ಯಾವುದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇಲ್ಲ. ಮಗಳು ಸ್ಕೂಲು ಬಿಟ್ಟದ್ದನ್ನು ಹೇಳಿದರೆ ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ಅಳುತ್ತಿದ್ದ. ಅದಕ್ಕೆ ಹೇಳುವುದನ್ನೇ ಬಿಟ್ಟಿದ್ದರು.

‘ಚೆನ್ನಾಗಿ ಓದ್ತಾ ಇದ್ದಾಳೆ ಲಕ್ಕಯ್ಯ,’ ಅಂದರು ಮೇಷ್ಟ್ರು.

ಆ ಸುಳ್ಳು ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಶನಿವಾರ ಲಕ್ಕಯ್ಯ ಅದನ್ನೇ ಕೇಳಿದ. ಮೇಷ್ಟ್ರು ಒಂದು ಕೈ ಹೆಚ್ಚೇ ಹಾಕಿ ಕ್ಲಾಸಿಗೇ ಮೊದಲು ಅಂದರು. ಅದರ ಮುಂದಿನ ವಾರ ಇನ್‌ಸ್ಪೆಕ್ಟರು ಬಂದಾಗ ಪಟಪಟ ಉತ್ತರ ಹೇಳಿದಳು ಅಂದರು. ಇಲ್ಲದ ಹುಡುಗಿಗೆ ಇಲ್ಲದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಕೊಟ್ಟರು. ಲಕ್ಕಯ್ಯ ಪ್ರತಿ ಸಲವೂ ಪಕ್ಕದಲ್ಲಿ ಕೂತ ಬಾಳೆಹಣ್ಣಿನವಳಿಗೆ ತಿರುಗಿ, ‘ನಮ್ ಉಡ್ಗಿ ಕಣಮ್ಮಾ’ ಅನ್ನುತ್ತಿದ್ದ. ಮೇಷ್ಟ್ರು ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ರಸ್ತೆಯ ಕಡೆ ನೋಡಲು ಮನಸ್ಸಾಗುತ್ತಿರಲಿಲ್ಲ.

ಮಾರ್ಗಶಿರದಲ್ಲಿ ಒಂದು ದಿನ ಬೆಟ್ಟಮ್ಮ ಅವರ ಚೀಲಕ್ಕೆ ಎರಡು ಬೊಗಸೆ ಅವರೆಕಾಯಿ ಸುರಿದಳು. ಬೇಡ ಬೇಡ ಎಂದರೂ ಬಿಡಲಿಲ್ಲ.

‘ನೀವು ದ್ಯಾವ್ರಂಥೋರು ಸಾ. ಅವ್ಳು ಇಸ್ಕೂಲು ಬುಟ್ಟದ್ದು ನಿಮಗೂ ಗೊತ್ತು, ನಮಗೂ ಗೊತ್ತು. ಆದ್ರೂ ಈಯಪ್ಪನ ಮನ್ಸಿಗೆ ನೋವಾಗ್ಬಾರ್ದು ಅಂತ ವಾರಾವಾರ ನಿಂತು ಒಂದ್ ಮಾತಾಡ್ತೀರಲ್ಲ, ಯಾರು ಮಾಡ್ತಾರೆ ಸಾ ಇಷ್ಟನ್ನ?’

ಆ ಅವರೆಕಾಯಿ ಹೊಳೆನರಸೀಪುರಕ್ಕೆ ಹೋಯಿತು. ಗೋದಮ್ಮ ಬಿಡಿಸಿ, ನೆನೆಹಾಕಿ, ಹಿತಕಿ, ಭಾನುವಾರ ಹಿತಕಿದಬೇಳೆ ಸಾರು ಮಾಡಿದರು. ಮಗನಿಗೆ ಪ್ರಾಣ ಅದು. ಒಂದು ತುತ್ತು ಬಾಯಿಗಿಟ್ಟವರು ಎಲೆ ಮುಂದೆ ಸುಮ್ಮನೆ ಕೂತರು.

‘ಉಪ್ಪು ಜಾಸ್ತಿ ಆಯ್ತೇನೋ?’ ಅಂದರು ಗೋದಮ್ಮ.

‘ಇಲ್ಲಮ್ಮ, ಸರಿಯಾಗೇ ಇದೆ.’

‘ಮತ್ಯಾಕೋ ಹಾಗೆ ಕೂತಿದೀಯ?’

ಸರಿಯಾಗಿಯೇ ಇರುವುದನ್ನು ನುಂಗಲಾಗುತ್ತಿಲ್ಲ ಎಂದು ತಾಯಿಗೆ ಹೇಗೆ ಹೇಳುವುದು? ಎದ್ದು ಕೈ ತೊಳೆದುಕೊಂಡರು. ಕಳ್ಳನಿಗೆ ಮನೆಯವರೇ ಕರೆದು ಮಣೆ ಹಾಕಿದ ಹಾಗಿತ್ತು ಆ ಸಾರು.

ಮುಂದಿನ ಶನಿವಾರ ಅವರು ಬೆಟ್ಟಮ್ಮನನ್ನು ಕೇಳಿದರು. ‘ಮಲ್ಲಿಗಮ್ಮ ಯಾಕಮ್ಮ ಸ್ಕೂಲು ಬಿಟ್ಟಳು? ಮನೆ ಕೆಲಸಕ್ಕಾ?’

‘ಕೆಲ್ಸ ನಾನು ಮಾಡ್ಕತೀನಿ ಸಾ, ಓಗು ಅಂತ ಕಾಲು ಕಟ್ಕಂಡೆ. ಓಗಾಕಿಲ್ಲ ಅಂತಾಳೆ. ಪುಸ್ತಕ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕೆ ಆಕವ್ಳೆ. ಅವರಪ್ಪನ ಮಕ ಎತ್ತಿ ನೋಡಾಕಿಲ್ಲ. ನನ್ ಮಾತ್ ಕೇಳಿ ಇಳುದ್ರು, ನಾನೇ ಕೊಂದಂಗಾಯ್ತು ಅಂತಾಳೆ.’ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಹಂಗಾರೆ ಮೇಷ್ಟ್ರು ಏನ್ ಯೋಳ್ಕೊಟ್ಟಿದ್ರಮ್ಮಿ ಅಂದ್ರೆ, ಮೇಷ್ಟ್ರು ಸರಿಯಾಗೇ ಯೋಳಿದ್ರು, ನಂಗೇ ಅರ್ಥ ಆಗ್ಲಿಲ್ಲ, ನಾನು ದಡ್ಡಿ ಅಂತಾಳೆ ಸಾ.’

ಇಷ್ಟು ದಿನ ಅವರು ಹೆದರಿದ್ದು ಆ ಹುಡುಗಿ ತನ್ನ ಮೇಲೆ ಬೆರಳು ತೋರಿಸಿಯಾಳು ಅಂತ. ಅವಳು ಬೆರಳನ್ನು ತನ್ನ ಕಡೆಗೇ ತಿರುಗಿಸಿಕೊಂಡು ಕೂತಿದ್ದಳು. ಮೇಷ್ಟ್ರಿಗೆ ಅಲ್ಲೇ ಕೂಗಿ ಹೇಳಿಬಿಡಬೇಕು ಅನ್ನಿಸಿ ಲಕ್ಕಯ್ಯನ ಎದುರು ಕುಕ್ಕರಗಾಲಲ್ಲಿ ಕೂತರು. ಬೆಟ್ಟಮ್ಮ ಅಷ್ಟರಲ್ಲಿ ಯಾರಿಗೋ ಸೊಪ್ಪು ಅಳೆದು ಕೊಡಲು ಆಚೆ ತಿರುಗಿದ್ದಳು.

‘ಲಕ್ಕಯ್ಯ, ನಾನು ನಿನಗೆ ಸುಳ್ಳು ಹೇಳ್ತಾ ಬಂದೆ. ಮಲ್ಲಿಗಮ್ಮ ಸ್ಕೂಲಿಗೆ ಬರ್ತಾ ಇಲ್ಲ. ನೀನು ಹಗೇವಿನಲ್ಲಿ ಬಿದ್ದದ್ದು ಅವಳಿಂದಲ್ಲ, ನನ್ನಿಂದ. ಅವಳು ಸರಿಯಾದ ಪ್ರಶ್ನೆ ಕೇಳಿದಳು. ನಾನು ಬಸ್ಸಿಗೆ ಹೊತ್ತಾಯ್ತು ಅಂತ ತಪ್ಪು ಉತ್ತರ ಕೊಟ್ಟೆ.’

ಲಕ್ಕಯ್ಯ ಹುಬ್ಬು ಗಂಟಿಕ್ಕಿ ಕೇಳಿದ. ಕಣ್ಣಲ್ಲಿ ನೀರು ತುಂಬಿತು. ನಡುಗುವ ಕೈಯನ್ನು ಮೇಷ್ಟ್ರ ಮಂಡಿಯ ಮೇಲಿಟ್ಟ. ‘ಓಗ್ಲಿ ಬುಡಿ ಸಾ. ನೀವೇನು ಬೇಕೂಂತ ಮಾಡುದ್ರಾ?’

ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು ಮೇಷ್ಟ್ರಿಗೆ. ಆ ವಾರವೆಲ್ಲ ಹಗುರವಾಗಿ ಓಡಾಡಿದರು. ಶನಿವಾರ ಬಂತು. ಹುಣಸೇಮರದ ಕೆಳಗೆ ಲಕ್ಕಯ್ಯನ ಮುಖ ಎಂದಿನಂತೆ ಅರಳಿತು.

‘ನಮಸ್ಕಾರ ಸಾ! ಎಂಗೆ ಓದ್ತಾವ್ಳೆ ಸಾ ನಮ್ ಉಡ್ಗಿ?’

ಕ್ಷಮಿಸಿದವನಿಗೆ ಕ್ಷಮಿಸಿದ್ದೇ ನೆನಪಿರಲಿಲ್ಲ. ಮೇಷ್ಟ್ರು ಅಲ್ಲಿ ನಿಂತು ತನ್ನ ಮೇಲೆ ತಾನೇ ಸಿಟ್ಟಾದರು. ಮರೆತುಹೋಗುವವನ ಮುಂದೆ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸುಲಭ! ಮರೆಯದೆ ಇರುವವಳು ಕಗ್ಗಲಿಕೊಪ್ಪಲಿನಲ್ಲಿ ಇದ್ದಳು. ಮಂಚಯ್ಯ ಸೀಟಿಯೂದಿ, ‘ಮೇಷ್ಟ್ರೇ, ಟವಲ್ ತೆಗೀಲಾ?’ ಎಂದು ಕೂಗಿದ. ‘ತೆಗಿಯಪ್ಪ,’ ಎಂದು ಹೇಳಿ ಮೇಷ್ಟ್ರು ಕಗ್ಗಲಿಕೊಪ್ಪಲಿನ ದಾರಿ ಹಿಡಿಯಲು ತಿರುಗಿದರು. ಬೆಟ್ಟಮ್ಮನೂ ಬುಟ್ಟಿ ಎತ್ತಿಕೊಂಡು, ಗಂಡನ ಕೈ ಹಿಡಿದು ಜೊತೆಗೆ ಹೊರಟಳು.

ಸುಗ್ಗಿಯ ಕಾಲ. ಊರ ಮುಂದಿನ ಕಣದಲ್ಲಿ ಮಲ್ಲಿಗಮ್ಮ ಮೊರ ಎತ್ತಿ ಹಿಡಿದು ರಾಗಿ ತೂರುತ್ತಿದ್ದಳು. ಗಾಳಿಗೆ ಹೊಟ್ಟು ದೂರ ಹಾರಿ ಬೀಳುತ್ತಿತ್ತು, ರಾಗಿ ಕಾಲ ಬುಡದಲ್ಲೇ ಸುರಿಯುತ್ತಿತ್ತು. ಕಣದ ಮೂಲೆಯಲ್ಲಿ ಆ ಹಗೇವಿನ ಚಪ್ಪಡಿ. ಮಳೆಗಾಲದಲ್ಲಿ ಮುಚ್ಚಿದ್ದನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಹೊಸ ರಾಗಿಗೆ ಜಾಗ ಬೇಕಾಗಿದ್ದರೂ ತೆಗೆಯುವ ಮಾತು ಯಾರೂ ಎತ್ತಿರಲಿಲ್ಲ.

ಮೇಷ್ಟ್ರನ್ನು ಕಂಡು ಹುಡುಗಿ ಮೊರ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಕಣದಲ್ಲಿದ್ದ ನೆರೆಯವರು ಕೆಲಸ ನಿಲ್ಲಿಸಿ ನೋಡಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಿಹೋಯಿತು.

‘ನೀನು ಕೇಳಿದ್ದು ಸರಿಯಾಗಿತ್ತು ಕಣಮ್ಮ. ನಾನು ಹೇಳಿದ್ದು ತಪ್ಪು,’ ಅಂದರು, ಎಲ್ಲರಿಗೂ ಕೇಳುವ ಹಾಗೆ. ‘ನಿನಗೆ ಅರ್ಥ ಆಗದೇ ಇದ್ದದ್ದಲ್ಲ. ಅರ್ಥ ಆಗೋ ಹಾಗೆ ನಾನು ಹೇಳಲೇ ಇಲ್ಲ. ಬಸ್ಸಿನಲ್ಲಿ ಮುಂದಿನ ಸೀಟು ಹೋಗುತ್ತೆ ಅಂತ ಅರ್ಧ ಪಾಠ ಬಿಟ್ಟು ಎದ್ದು ಹೋದೆ. ನಿಮ್ಮಪ್ಪನಿಗೆ ಹೀಗಾದದ್ದು ನನ್ನಿಂದ.’

ಬೆಟ್ಟಮ್ಮ ಹಿಡಿದಿದ್ದ ಬುಟ್ಟಿ ನೆಲಕ್ಕೆ ಇಳಿಸಿದಳು. ‘ಅಯ್ಯೋ ಶಿವನೇ,’ ಅಂದಳು. ಆಮೇಲೆ ಮೇಷ್ಟ್ರ ಕಡೆ ನೋಡಲಿಲ್ಲ. ಅವರೆಕಾಯಿ ಕೊಟ್ಟ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕಣದ ಅಂಚಿಗೆ ಹೋಗಿ ಕೂತಳು. ಆ ಒಂದು ನೋಟ ತಪ್ಪಿದ್ದು ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು ನೋಯಿತು.

‘ನಾನು ಕೇಳಿದ್ದೆ ಸಾ,’ ಅಂದಳು ಮಲ್ಲಿಗಮ್ಮ. ‘ಎದ್ದು ನಿಂತ್ಕಂಡು ಕೇಳಿದ್ದೆ.’

‘ಹೌದು, ನೀನು ಕೇಳಿದ್ದೆ ಕಣಮ್ಮ.’

ಅವಳು ಅತ್ತಳು. ಆ ಮಳೆಗಾಲದಿಂದ ಅವಳು ಅತ್ತಿರಲೇ ಇಲ್ಲ ಎಂದು ಆಮೇಲೆ ಪಾಲಾಕ್ಷ ಹೇಳಿದ. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಸಿಟ್ಟಿನಿಂದಲೇ ಅಂದಳು. ‘ಮಿಕ್ಕಿದ್ದು ಸೋಮವಾರ ಅಂದಿದ್ರಲ್ಲ ಸಾ. ಹೇಳಿ ಮತ್ತೆ.’

ಮೇಷ್ಟ್ರು ಪಕ್ಕದಲ್ಲಿದ್ದ ಕೊಳಗ ತೆಗೆದುಕೊಂಡು ರಾಗಿ ತುಂಬಿ ಅವಳ ಕೈಗೆ ಕೊಟ್ಟರು. ಸುರಿಸಿ, ಅದೇ ಕೊಳಗದಲ್ಲಿ ಹೊಟ್ಟು ತುಂಬಿ ಕೊಟ್ಟರು. ‘ಕೊಳಗ ಒಂದೇ. ಭಾರ ಒಂದೇನಾ?’ ಅವಳು ಇಲ್ಲ ಎಂದು ತಲೆಯಾಡಿಸಿದಳು. ‘ಆ ಶನಿವಾರ ನಾನು ಕೊಳಗದ ಪಾಠ ಮಾಡಿದೆ. ತೂಕದ ಪಾಠ ಮಾಡಲಿಲ್ಲ. ಈ ಹೋಲಿಕೆಯೂ ಸ್ವಲ್ಪ ಕುಂಟುತ್ತೆ. ರಾಗಿಕಾಳು ಎಷ್ಟಿದೆಯೋ ಹೊಟ್ಟಿನ ಚೂರು ಅಷ್ಟೇ ಇರಲ್ಲ. ಅನಿಲದಲ್ಲಿ ಹಾಗಲ್ಲ, ಅಳತೆ ಒಂದಾದರೆ ಅಣುಗಳ ಎಣಿಕೆಯೂ ಒಂದೇ. ಆದರೆ ಒಂದೊಂದು ಅಣುವಿನ ಭಾರ ಬೇರೆ. ಒಂದೂಕಾಲು ಡಬ್ಬ ಗಾಳಿ ಇಪ್ಪತ್ತೊಂಬತ್ತು ಗ್ರಾಂ. ಒಂದೂಕಾಲು ಡಬ್ಬ ಇಂಗಾಲದ ಡೈಆಕ್ಸೈಡು ನಲವತ್ತನಾಲ್ಕು. ರಾಗಿಗೂ ಉಸಿರಿದೆಯಮ್ಮ. ಮುಚ್ಚಿಟ್ಟಲ್ಲಿ ಅದೂ ಉಸಿರು ಬಿಟ್ಟು ಬಿಟ್ಟು ಈ ಭಾರದ ಗಾಳಿ ತುಂಬುತ್ತೆ. ಹರಡಿಕೊಳ್ಳುತ್ತೆ, ಸುಳ್ಳಲ್ಲ. ಆದರೆ ಹಳ್ಳದಿಂದ ಎದ್ದು ಹೋಗೋಕೆ ಅದಕ್ಕೆ ಅವಸರ ಇಲ್ಲ.’

ಮಲ್ಲಿಗಮ್ಮ ಕಣದಲ್ಲಿ ದೂರ ಬಿದ್ದ ಹೊಟ್ಟನ್ನೂ ಕಾಲಬುಡದ ರಾಗಿಯನ್ನೂ ಒಂದು ಸಲ ನೋಡಿದಳು. ಮನೆಗೆ ಹೋಗಿ ಬುಡ್ಡಿ ಹಚ್ಚಿ ತಂದಳು. ಅವಳು ತರುವುದು ಕಂಡು ನೆರೆಯವರು ಚಪ್ಪಡಿ ಸರಿಸಿದರು. ಹಗ್ಗ ಅವಳೇ ಹಿಡಿದು ಇಳಿಬಿಟ್ಟಳು. ಬಾಯಿಯಲ್ಲಿ ಉರಿಯಿತು, ಕುತ್ತಿಗೆಯಲ್ಲಿ ಉರಿಯಿತು, ಹೊಟ್ಟೆಗೆ ಇಳಿದದ್ದೇ ಪುಸಕ್ಕನೆ ಆರಿತು.

‘ಯಾರೂ ಇಳೀಬ್ಯಾಡಿ ಕಣ್ರಲಾ!’ ಎಂದು ಲಕ್ಕಯ್ಯ ಗಾಬರಿಯಿಂದ ಕೂಗಿದ. ‘ದೀಪ ಆರೋಯ್ತು, ಕಾಣಾಕಿಲ್ವಾ?’

ಹುಡುಗಿ ಓಡಿಹೋಗಿ ಅಪ್ಪನ ಕೈ ಹಿಡಿದುಕೊಂಡಳು. ಅವನ ಮುಖವನ್ನೇ ನೋಡುತ್ತಾ ನಿಂತಳು.

ಜೂನ್‌ನಲ್ಲಿ ಮಲ್ಲಿಗಮ್ಮ ಮತ್ತೆ ಅದೇ ಕ್ಲಾಸಿಗೆ, ಅದೇ ಬೆಂಚಿಗೆ ಬಂದಳು. ಓದಿನಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಅಪ್ಪಾಜಿ ಮೇಷ್ಟ್ರ ಪಾಠದಲ್ಲಿ ಅವಳು ಕೈ ಎತ್ತಲಿಲ್ಲ. ಮೇಷ್ಟ್ರು ಈಗ ಗಂಟೆ ಹೊಡೆದ ಮೇಲೂ ನಿಂತು, ‘ಯಾರಿಗಾದರೂ ಏನಾದರೂ ಕೇಳೋದು ಇದೆಯಾ?’ ಅನ್ನುತ್ತಿದ್ದರು. ಯಾರ್ಯಾರೋ ಏನೇನೋ ಕೇಳುತ್ತಿದ್ದರು. ಮುಂದಿನ ಬೆಂಚು ಬರೆದುಕೊಳ್ಳುತ್ತಾ ತಲೆ ತಗ್ಗಿಸಿಯೇ ಇರುತ್ತಿತ್ತು. ಹೊಳೆನರಸೀಪುರದವರೆಗೆ ನಿಂತುಕೊಂಡೇ ಹೋಗುವುದು ಅವರಿಗೆ ರೂಢಿಯಾಯಿತು.

ಮಳೆ ಹಿಡಿದ ಒಂದು ಶನಿವಾರ ಹುಣಸೇಮರದ ಕೆಳಗೆ ಬೆಟ್ಟಮ್ಮನ ಬದಲು ಮಗಳು ಅಪ್ಪನ ಪಕ್ಕ ಕೂತಿದ್ದಳು. ಬೆಟ್ಟಮ್ಮ ಎದುರಾದಾಗ ಹೂಂ ಊಹೂಂ ಅನ್ನುವಷ್ಟಕ್ಕೆ ಬಂದಿದ್ದಳು. ಅವರೆಕಾಯಿ ಮತ್ತೆ ಕೊಟ್ಟಿರಲಿಲ್ಲ.

‘ನಮಸ್ಕಾರ ಸಾ! ಎಂಗೆ ಓದ್ತಾವ್ಳೆ ಸಾ ನಮ್ ಉಡ್ಗಿ?’

‘ಚೆನ್ನಾಗಿ ಓದ್ತಾ ಇದ್ದಾಳೆ ಲಕ್ಕಯ್ಯ. ಇದು ನಿಜ,’ ಎಂದು ಮೇಷ್ಟ್ರು ಅವನೆದುರು ಕೂತರು. ಆಮೇಲೆ ಪ್ರತಿ ಶನಿವಾರದ ಹಾಗೆ ಅದನ್ನೂ ಹೇಳಿದರು. ಅವಳು ಕೇಳಿದ ಪ್ರಶ್ನೆ, ತಾವು ಕೊಟ್ಟ ಉತ್ತರ, ಬಸ್ಸಿನ ಸೀಟು, ಹಗೇವು. ಲಕ್ಕಯ್ಯ ಹೊಸದಾಗಿ ಕೇಳಿ, ಹೊಸದಾಗಿ ಹುಬ್ಬು ಗಂಟಿಕ್ಕಿ, ಹೊಸದಾಗಿ ಕಣ್ಣು ತುಂಬಿಕೊಂಡು, ಕೊನೆಗೆ ನಡುಗುವ ಕೈಯನ್ನು ಅವರ ಮಂಡಿಯ ಮೇಲಿಟ್ಟ. ‘ಓಗ್ಲಿ ಬುಡಿ ಸಾ. ನೀವೇನು ಬೇಕೂಂತ ಮಾಡುದ್ರಾ?’

ಮಂಚಯ್ಯನ ಬಸ್ಸು ಹೊರಟುಹೋಯಿತು. ಮೇಷ್ಟ್ರು ಎದ್ದು ಪಂಚೆಯ ಧೂಳು ಕೊಡವಿಕೊಂಡರು.

‘ಸಾ,’ ಅಂದಳು ಮಲ್ಲಿಗಮ್ಮ. ಮತ್ತೆ ಸ್ಕೂಲಿಗೆ ಬಂದಮೇಲೆ ಅವಳು ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು. ‘ಯಾಕ್ ಸಾ ವಾರಾವಾರ ಹೇಳ್ತೀರ? ಅಪ್ಪನಿಗೆ ನೆನಪಿರಲ್ವಲ್ಲ.’

ಅಪ್ಪಾಜಿ ಮೇಷ್ಟ್ರು ಕೊಡೆಯನ್ನು ನೆಲಕ್ಕೂರಿ, ಅವಸರ ಮಾಡದೆ ಉತ್ತರ ಕೊಟ್ಟರು.

‘ನನಗಿರುತ್ತಲ್ಲಮ್ಮ.’